ಆರ್ಕ್ಟಿಕ್ ಎಂಎಕ್ಸ್-4 ಥರ್ಮಲ್ ಪೇಸ್ಟ್: ದಾವಣಗೆರೆಯ ನಾಲ್ಕು ಬೇಸಿಗೆ ಕಂಡ ಮೇಲೆ

ಬಳಸಿದ್ದು: 4 ಗ್ರಾಂ ಸಿರಿಂಜ್. ಹಾಕಿದ್ದು: ಇಂಟೆಲ್ ಐ5-12400, ಎಎಂಡಿಯ ರೈಜನ್ 5 5600, ರೈಜನ್ 5 5600ಜಿ, ಆರನೇ ತಲೆಮಾರಿನ ಹಳೇ ಐ3, ಜೊತೆಗೆ ಒಂದು ಲ್ಯಾಪ್‌ಟಾಪ್. ಜಾಗ: ಎ.ಸಿ. ಇಲ್ಲದ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಮನೆ.

ಥರ್ಮಲ್ ಪೇಸ್ಟ್ ಅಂದರೆ ಪ್ರೊಸೆಸರಿಗೂ ಅದರ ಮೇಲೆ ಕೂರುವ ಕೂಲರಿಗೂ (ಶಾಖ ಹೊರಹಾಕುವ ಲೋಹ ಮತ್ತು ಫ್ಯಾನ್) ನಡುವಿನ ಸಂದು ತುಂಬಿ ಶಾಖ ದಾಟಿಸುವ ಲೇಪ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡೆಸ್ಕ್‌ಟಾಪ್‌ಗಾದರೆ ಹಿಂದೆ ಮುಂದೆ ನೋಡದೆ ತಗೊಳ್ಳಿ. ಲ್ಯಾಪ್‌ಟಾಪ್‌ಗೆ ಬೇಡ. ಇದಕ್ಕಿಂತ ದುಬಾರಿ ಪೇಸ್ಟ್ ತಂದರೆ ಕಂಪ್ಯೂಟರ್ ತಣ್ಣಗಾಗುತ್ತದೆ ಎಂದು ಕಾಯುತ್ತಿರುವವರು ಆ ದುಡ್ಡಲ್ಲಿ ಧೂಳು ಊದಿ ತೆಗೆಯುವ ಒಂದು ಬ್ಲೋಯರ್ ತಗೊಳ್ಳುವುದು ಲೇಸು.

ಈ ಮಾತಿಗೆ ಒಂದು ಲೆಕ್ಕ ಇದೆ. ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳ ಸುಮಾರು 10 ಚದರ ಸೆಂ.ಮೀ., ಅದರಿಂದ ಹೊರಡುವ ಶಾಖ 80 ವ್ಯಾಟ್, ಪೇಸ್ಟಿನ ಪದರ 0.05 ಮಿ.ಮೀ. ಎಂದಿಟ್ಟುಕೊಳ್ಳಿ. ಪೇಸ್ಟಿನ ಉಷ್ಣವಾಹಕತೆ (ಶಾಖ ದಾಟಿಸುವ ಶಕ್ತಿ, W/mK ಲೆಕ್ಕದಲ್ಲಿ) 4 ಇದ್ದರೆ ಪದರದ ಈ ಬದಿಗೂ ಆ ಬದಿಗೂ 1 ಡಿಗ್ರಿ ವ್ಯತ್ಯಾಸ ಬರುತ್ತದೆ. 8 ಇದ್ದರೆ ಅರ್ಧ ಡಿಗ್ರಿ. ಅದೇ 8ರ ಪೇಸ್ಟನ್ನು ದಪ್ಪಗೆ ಮೆತ್ತಿ ಪದರ 0.2 ಮಿ.ಮೀ. ಆಯಿತೆಂದರೆ ವ್ಯತ್ಯಾಸ 2 ಡಿಗ್ರಿಗೆ ಏರುತ್ತದೆ. ಅಂದರೆ ಅಗ್ಗದ ಪೇಸ್ಟನ್ನು ತೆಳ್ಳಗೆ ಹಾಕಿದ್ದಕ್ಕಿಂತ ಕೆಟ್ಟದಾಯಿತು. ಇನ್ನು ಆ ಜಾಗದಲ್ಲಿ ಪೇಸ್ಟೇ ಇಲ್ಲದೆ ಬರೀ ಗಾಳಿ ಇದ್ದರೆ? ಗಾಳಿಯ ಉಷ್ಣವಾಹಕತೆ 0.026, ಲೆಕ್ಕ 150 ಡಿಗ್ರಿ ದಾಟುತ್ತದೆ. ಶಾಖ ಮುಚ್ಚಳದ ತುಂಬ ಸಮನಾಗಿ ಹರಡುವುದಿಲ್ಲ, ಚಿಪ್ ಇರುವ ಕಡೆ ಒತ್ತಾಗಿರುತ್ತದೆ. ಹಾಗಾಗಿ ನಿಜದಲ್ಲಿ ಈ ಅಂಕಿಗಳು ಎರಡು ಮೂರು ಪಟ್ಟು ಆಗಬಹುದು. ಆದರೂ ಎರಡು ಒಳ್ಳೆ ಪೇಸ್ಟ್‌ಗಳ ನಡುವೆ ಸಿಗುವುದು ಒಂದೆರಡು ಡಿಗ್ರಿ ಅಷ್ಟೆ. ಸಂದಿನಲ್ಲಿ ಗಾಳಿ ಉಳಿದರೆ, ಕೂಲರ್ ಓರೆ ಕೂತರೆ ಹೋಗುವುದು ಇಪ್ಪತ್ತು ಮೂವತ್ತು ಡಿಗ್ರಿ. ಟ್ಯೂಬಿನ ಮೇಲಿನ ಅಂಕಿ ನೋಡಿ ಕೊಳ್ಳಬಾರದು ಅನ್ನುವುದು ಇದಕ್ಕೇ. ಎಂಎಕ್ಸ್-4ರ ಹಳೇ ಪ್ಯಾಕೆಟ್‌ಗಳಲ್ಲಿ 8.5 ಎಂದು ಇರುತ್ತಿತ್ತು. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ರೀತಿಯಲ್ಲಿ ಅಳೆದು ಮುದ್ರಿಸುವ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ನಮ್ಮೂರಿನ ಮಟ್ಟಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚೂಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನಲ್ಲಿ 72 ಡಿಗ್ರಿ ತೋರಿಸುತ್ತಿದ್ದ ಮಷೀನು ಏಪ್ರಿಲ್ ಮಧ್ಯಾಹ್ನ, ಶೀಟಿನ ಮಳಿಗೆಯೊಳಗೆ 38 ಡಿಗ್ರಿ ಕುದಿಯುವಾಗ, 85ರ ಮೇಲೆ ತೋರಿಸಿದರೆ ಅದು ಪೇಸ್ಟಿನ ತಪ್ಪಲ್ಲ. 5600ಕ್ಕೆ ಕಂಪನಿ ಇಟ್ಟಿರುವ ಮಿತಿ 90, 5600ಜಿಗೆ 95, ಐ5-12400ಕ್ಕೆ 100. ಹೊರದೇಶದ ವಿಮರ್ಶೆಗಳಲ್ಲಿ 21–22 ಡಿಗ್ರಿಯ ಕೋಣೆಯಲ್ಲಿ ಅಳೆದದ್ದನ್ನು ಇಲ್ಲಿ ಹಾಗೇ ಹಚ್ಚಿಕೊಂಡು ಗಾಬರಿಯಾಗಬೇಡಿ. ಕೋಣೆಯ ಉಷ್ಣಾಂಶ ಕಳೆದು ಉಳಿದ ಅಂಕಿ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಆ ಅಂಕಿ ಬೆಳೆದಾಗ ಮಾತ್ರ ಕೂಲರ್ ಬಿಚ್ಚುವ ಯೋಚನೆ ಮಾಡಿ.

ಬಿಚ್ಚುವುದರಲ್ಲಿ ಮೊದಲ ಅನಾಹುತ ಆಗುವುದು ಈ ಎರಡು ರೈಜನ್ ಕೂರುವ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್‌ಗಳಲ್ಲಿ. ಈ ರೈಜನ್‌ಗಳ ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇವೆ, 1331. ಸಾಕೆಟ್ಟಿನ ಹಿಡಿತ ಬಿಗಿಯಿಲ್ಲ. ಹಳೇ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿದ್ದಾಗ ಕೂಲರನ್ನು ಮೇಲಕ್ಕೆ ಎಳೆದರೆ ಪ್ರೊಸೆಸರೂ ಅದರ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಅದಕ್ಕೆ ಹತ್ತು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ. ಆಮೇಲೆ ಶಟ್‌ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಯುಪಿಎಸ್ ಆಫ್ ಮಾಡಿದರೆ ಸಾಲದು, ಪ್ಲಗ್ ಹೊರಗೆ ಬರಬೇಕು. ಫ್ಯಾನಿನ ಕನೆಕ್ಟರ್ ಬಿಡಿಸಿ, ಸ್ಕ್ರೂ ಸಡಿಲಿಸಿ, ಡಬ್ಬಿಯ ಮುಚ್ಚಳ ತಿರುಗಿಸಿದ ಹಾಗೆ ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ನೇರ ಮೇಲಕ್ಕೆ ಎತ್ತಿ. ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಬೋರ್ಡಿನಲ್ಲಿ ಕರೆಂಟ್ ಸಾಗುವ ಗೆರೆ ಹರಿದರೆ ಮುಗಿಯಿತು.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, 99 ಶೇಕಡಾದ್ದು ಸಿಕ್ಕರೆ ಉತ್ತಮ. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಇದ್ದೇ ಇರುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುವುದರಿಂದ ಜಿಡ್ಡು ಉಳಿಯುತ್ತದೆ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಬೇಡಿ. ಹಳೇ ಪಂಚೆಯ ಚೂರಿನಲ್ಲಿ ಒರೆಸುವವರಿದ್ದಾರೆ. ನೂಲಿನ ಎಳೆ ಒಂದು ಉಳಿದರೂ ಪದರ ಅಷ್ಟರಮಟ್ಟಿಗೆ ಎತ್ತಿಕೊಳ್ಳುತ್ತದೆ. ಕನ್ನಡಕ ಒರೆಸುವ ಬಟ್ಟೆ ವಾಸಿ. ಪ್ರೊಸೆಸರ್, ಕೂಲರ್ ಎರಡೂ ಕಡೆ ಒರೆಸಿ, ಆಮೇಲೆ ಬೆರಳು ಮುಟ್ಟಿಸಬೇಡಿ.

ಎಷ್ಟು ಹಾಕಬೇಕು ಅನ್ನುವುದು ಮುಗಿಯದ ಜಗಳ. ಅಕ್ಕಿಕಾಳಿನಷ್ಟು ಎಂಬ ಮಾತು ಮುಚ್ಚಳದ ನಟ್ಟನಡುವೆ ಒಂದು ಸಣ್ಣ ಚಿಪ್ ಕೂತಿದ್ದ ಕಾಲದ್ದು. ಆರನೇ ತಲೆಮಾರಿನ ಐ3ಗೆ ಅದು ಈಗಲೂ ನಡೆದೀತು. 5600ರಲ್ಲಿ ಶಾಖ ಹುಟ್ಟುವ ಚಿಪ್ ನಡುವೆ ಇಲ್ಲ, ಒಂದು ಮೂಲೆಯ ಕಡೆಗಿದೆ. ಅಕ್ಕಿಕಾಳು ಹಿಚುಕಿ ಹರಡಿದರೂ ಅಲ್ಲಿಗೆ ತಲುಪುವುದು ಅನುಮಾನ. 5600ಜಿಯಲ್ಲಿ ಒಂದೇ ಚಿಪ್, ಅದು ನಡುವಿಗೇ ಇದೆ. ಎರಡಕ್ಕೂ ಹೆಸರು ಒಂದೇ ಥರ ಕೇಳಿಸಿದರೂ ಪೇಸ್ಟಿನ ಲೆಕ್ಕ ಒಂದೇ ಅಲ್ಲ. ಎಎಂ4ಗೆ ಸರಿಹೋಗುವುದು ಒಂದು ಇಡೀ ತೊಗರಿಕಾಳಿನಷ್ಟು, ಅಂದರೆ ಸುಮಾರು 0.1 ಮಿ.ಲೀ. ನಡುವೆ ಅದರ ಮುಕ್ಕಾಲು ಭಾಗ ಇಟ್ಟು, ಉಳಿದದ್ದನ್ನು ನಾಲ್ಕು ಮೂಲೆಯತ್ತ ಸಣ್ಣ ಚುಕ್ಕೆಯಾಗಿ ಹಂಚಿ. ಐ5-12400 ಕೂರುವುದು ಎಲ್‌ಜಿಎ 1700 ಸಾಕೆಟ್ಟಿನಲ್ಲಿ, ಈ ಪ್ರೊಸೆಸರ್ 45 × 37.5 ಮಿ.ಮೀ.ನ ಉದ್ದಚೌಕ. ಅದಕ್ಕೆ ಉದ್ದದ ದಿಕ್ಕಿಗೇ ಒಂದು ಗೆರೆ ಎಳೆದರೆ ಚೆನ್ನ. ನಡುವೆ ಒಂದೇ ಚುಕ್ಕೆ ಇಟ್ಟರೆ ಎರಡೂ ತುದಿ ಒಣಗಿರುತ್ತದೆ.

ಎಂಎಕ್ಸ್-4ರ ಸಾಂದ್ರತೆ ಪ್ರತಿ ಮಿ.ಲೀ.ಗೆ 2.5 ಗ್ರಾಂ. ಆ ಲೆಕ್ಕದಲ್ಲಿ 4 ಗ್ರಾಂ ಸಿರಿಂಜಿನಲ್ಲಿ 1.6 ಮಿ.ಲೀ. ಇರುತ್ತದೆ. ಮೂತಿಯಲ್ಲಿ ಉಳಿಯುವುದು, ಎಡವಟ್ಟಾಗಿ ಒರೆಸಿ ಎಸೆಯುವುದು ಕಳೆದರೂ ಹತ್ತು ಡೆಸ್ಕ್‌ಟಾಪ್‌ಗೆ ಬರುತ್ತದೆ. ಮನೆಯಲ್ಲಿ ಒಂದೇ ಮಷೀನಿದ್ದರೆ 2 ಗ್ರಾಂನದ್ದು ಸಾಕು.

ಹೆಚ್ಚಾದರೆ ಏನಾಗುತ್ತದೆ? ಕೂಲರಿನ ಒತ್ತಡ ಸರಿಯಿದ್ದರೆ ಹೆಚ್ಚಿನದು ಅಂಚಿನಿಂದ ಹೊರಗೆ ಬರುತ್ತದೆ, ಅಷ್ಟೆ. ಎಂಎಕ್ಸ್-4 ಕಾರ್ಬನ್ ಕಣಗಳದ್ದು, ಕರೆಂಟ್ ಹರಿಸುವುದಿಲ್ಲ. ಬೋರ್ಡಿಗೆ ತಾಗಿದರೂ ಶಾರ್ಟ್ ಆಗುವ ಭಯವಿಲ್ಲ, ಹೊಸಬರಿಗೆ ಇದನ್ನೇ ಹೇಳಲು ಅದೂ ಒಂದು ಕಾರಣ. ಕಡಿಮೆ ಹಾಕಿ ಪೇಚಾಡುವುದಕ್ಕಿಂತ ತುಸು ಹೆಚ್ಚು ಹಾಕಿದ್ದೇ ವಾಸಿ. ಹಾಗಂತ ನಮ್ಮೂರ ದೋಸೆಯ ಮೇಲೆ ಬೆಣ್ಣೆ ಇಟ್ಟ ಹಾಗೆ ಮುದ್ದೆ ಇಡಬೇಡಿ. ಎಎಂ4 ಸಾಕೆಟ್ಟಿನ ತೂತಿಗೆ ಇಳಿದರೆ ತೆಗೆಯುವುದು ತಲೆನೋವು. ಕಾರ್ಡಿನಿಂದ ಸವರಿ ಹರಡುವುದೂ ತಪ್ಪಲ್ಲ, ಆದರೆ ಸವರುವಾಗ ಸಿಕ್ಕಿಕೊಳ್ಳುವ ಗಾಳಿಯ ಗುಳ್ಳೆಗಿಂತ ಕೂಲರೇ ಒತ್ತಿ ಹರಡಿದ್ದು ಚೊಕ್ಕ.

ಹೊಸ ಕೂಲರಿನ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ತೆಗೆಯಿರಿ. ನಗಬೇಡಿ, ಅದನ್ನು ಬಿಟ್ಟೇ ಕೂರಿಸಿ ತಿಂಗಳುಗಟ್ಟಲೆ ಪೇಸ್ಟನ್ನು ಬೈದವರಿದ್ದಾರೆ. ಪ್ರೊಸೆಸರಿನ ಡಬ್ಬಿಯಲ್ಲೇ ಬರುವ ಬಾಕ್ಸ್ ಕೂಲರಿನಲ್ಲಿ ಬೂದು ಪೇಸ್ಟ್ ಮೊದಲೇ ಹಚ್ಚಿ ಬಂದಿದ್ದರೆ ಅದರ ಮೇಲೆ ಎಂಎಕ್ಸ್-4 ಹಾಕಬೇಡಿ. ಒಂದೋ ಅದು, ಇಲ್ಲ ಇದು.

ಕೂರಿಸುವುದೇ ಈ ಕೆಲಸದ ಜೀವಾಳ. ಇಂಟೆಲ್ ಬಾಕ್ಸ್ ಕೂಲರಿಗೆ ನಾಲ್ಕು ಪುಷ್ ಪಿನ್. ಎದುರುಬದುರಿನ ಎರಡನ್ನು ಒಟ್ಟಿಗೆ ಒತ್ತಿ, ಟಕ್ ಅನ್ನಬೇಕು. ಆಮೇಲೆ ಉಳಿದ ಜೋಡಿ. ಟಕ್ ಶಬ್ದವನ್ನೇ ನಂಬಬೇಡಿ, ಬೋರ್ಡಿನ ಹಿಂಬದಿ ನೋಡಿ: ಬಿಳಿ ಕಾಲಿನ ಸೀಳಿನೊಳಗಿಂದ ಕಪ್ಪು ಮೊಳೆ ನಾಲ್ಕೂ ಕಡೆ ಹೊರಬಂದಿರಬೇಕು. ಒಂದು ಕಾಲು ಅರ್ಧ ಕೂತಿದ್ದರೆ ಕೂಲರ್ ಓರೆಯಾಗಿರುತ್ತದೆ, ಎಂಥ ಪೇಸ್ಟೂ ಕೆಲಸಕ್ಕೆ ಬರುವುದಿಲ್ಲ. ಎಎಂಡಿಯ ಬಾಕ್ಸ್ ಕೂಲರ್ ರೇತ್ ಸ್ಟೆಲ್ತ್‌ಗೆ ಸ್ಪ್ರಿಂಗ್ ಸ್ಕ್ರೂ. ಬೋರ್ಡಿನ ಪ್ಲಾಸ್ಟಿಕ್ ಬ್ರ್ಯಾಕೆಟ್ ಬಿಚ್ಚಿದೊಡನೆ ಹಿಂದಿನ ಪ್ಲೇಟ್ ಕೆಳಗೆ ಬೀಳುತ್ತದೆ, ಅದನ್ನು ಒಂದು ಕೈಯಲ್ಲಿ ಹಿಡಿದಿರಬೇಕು. ಸ್ಕ್ರೂ ಬಿಗಿಸುವಾಗ ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಎರಡು ಸುತ್ತಿನಂತೆ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪೇಸ್ಟೆಲ್ಲ ಒಂದೇ ಬದಿಗೆ ಹರಿಯುತ್ತದೆ. ಕೂರಿಸಿದ ಮೇಲೆ ಹೇಗೆ ಹರಡಿದೆ ನೋಡೋಣವೆಂದು ಎತ್ತಿದರೆ ಒಳಗೆ ಗಾಳಿ ಹೊಕ್ಕಿತೆಂದೇ ಲೆಕ್ಕ. ಮತ್ತೆ ಒರೆಸಿ ಹೊಸದಾಗಿ ಹಾಕಬೇಕು.

ಆಮೇಲೆ ಉಷ್ಣಾಂಶ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ. ಇಲ್ಲಿ ಅಂಕಿಗಿಂತ ಏರುವ ವೇಗ ಹೆಚ್ಚು ಹೇಳುತ್ತದೆ. ಶುರುವಾದ ಎರಡು ಮೂರು ಸೆಕೆಂಡಿನಲ್ಲೇ ಮಿತಿಯ ಹತ್ತಿರಕ್ಕೆ ಹಾರಿದರೆ ಕೂಲರ್ ಮತ್ತು ಪ್ರೊಸೆಸರ್ ನಡುವೆ ಸಂಪರ್ಕವಿಲ್ಲ: ಓರೆ ಕೂತಿದೆ, ಪ್ಲಾಸ್ಟಿಕ್ ಉಳಿದಿದೆ, ಇಲ್ಲವೇ ಪೇಸ್ಟ್ ತಲುಪಿಲ್ಲ. ಐದಾರು ನಿಮಿಷ ನಿಧಾನಕ್ಕೆ ಏರಿ ಅಲ್ಲಿಗೆ ಮುಟ್ಟಿದರೆ ಪೇಸ್ಟ್ ಸರಿಯಿದೆ, ಶಾಖ ಕೂಲರಿಗೆ ಬಂದಿದೆ, ಹೊರಗೆ ಹೋಗುತ್ತಿಲ್ಲ. ಅಂಥ ಕಡೆ ಫ್ಯಾನ್, ಧೂಳು, ಕೇಸಿನ ಗಾಳಿಯಾಟ ನೋಡಿ. ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳಿಗೆ ಈ ಮಾತು ಹೊಂದದು, ಪೂರ್ತಿ ಭಾರದಲ್ಲಿ 95ರವರೆಗೆ ಹೋಗುವುದು ಅವುಗಳ ವಿನ್ಯಾಸವೇ.

ದಾವಣಗೆರೆಯಲ್ಲಿ ಬರುವ ದೂರುಗಳಲ್ಲಿ ಬಹಳಷ್ಟು ಈ ಎರಡನೇ ಬಗೆಯವು. ಮಂಡಕ್ಕಿ ಭಟ್ಟಿಯ ಆಸುಪಾಸಿನ ಮಸಿ, ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟಿನ ಧೂಳು, ಊದುಬತ್ತಿ ಹೊಗೆ ಎಲ್ಲ ಸೇರಿ ಹೀಟ್‌ಸಿಂಕಿನ (ಕೂಲರಿನ ಲೋಹದ ಪಟ್ಟಿಗಳ) ಸಂದುಗಳಲ್ಲಿ ಕಂಬಳಿಯ ಹಾಗೆ ಕೂರುತ್ತವೆ. ಚಿತ್ರದುರ್ಗದ ಕಡೆ ಗಾಳಿಯೇ ಜೋರು, ಅಲ್ಲಿ ನುಣ್ಣನೆ ಒಣಮಣ್ಣು. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಟ್ಟು ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳು. ಪೇಸ್ಟ್ ಬದಲಿಸಿದ್ದಕ್ಕೆ ಹತ್ತು ಡಿಗ್ರಿ ಇಳಿಯಿತು ಎಂದು ಹೇಳುವವರು ಅದೇ ಹೊತ್ತಿಗೆ ಧೂಳನ್ನೂ ತೆಗೆದಿರುತ್ತಾರೆ. ಯಾವುದರಿಂದ ಎಷ್ಟು ಇಳಿಯಿತೆಂದು ತಿಳಿಯಬೇಕಿದ್ದರೆ ಮೊದಲು ಧೂಳು ಮಾತ್ರ ತೆಗೆದು ಅಳೆಯಬೇಕು.

ಬಾಳಿಕೆ. ಕಂಪನಿ 8 ವರ್ಷ ಎನ್ನುತ್ತದೆ. ಡೆಸ್ಕ್‌ಟಾಪ್‌ನಲ್ಲಿ ನಾಲ್ಕು ಬೇಸಿಗೆ ಕಳೆದು ತೆರೆದಾಗ ಅಂಚಿನಲ್ಲಿ ಹೊರಗೆ ಉಳಿದದ್ದು ಗಟ್ಟಿಯಾಗಿತ್ತು, ಮುಚ್ಚಳದ ಮೇಲಿನದು ಇನ್ನೂ ಮೆತ್ತಗಿತ್ತು, ಉಷ್ಣಾಂಶದ ಅಂತರವೂ ಬೆಳೆದಿರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಬಿಳಿ ಸಿಲಿಕಾನ್ ಹೀಟ್‌ಸಿಂಕ್ ಕಾಂಪೌಂಡ್ ಹಾಕಿದ ಮೊದಲ ದಿನ ತೀರಾ ಹಿಂದೇನೂ ಇರುವುದಿಲ್ಲ. ಆದರೆ ಒಂದೆರಡು ವರ್ಷಕ್ಕೆ ಎಣ್ಣೆ ಬಿಟ್ಟು ಸುಣ್ಣದ ಪುಡಿಯಂತಾಗುತ್ತದೆ. ಎಂಎಕ್ಸ್-4ಗೆ ಕೊಡುವ ಹೆಚ್ಚಿನ ದುಡ್ಡು ಆ ಮುಂದಿನ ವರ್ಷಗಳಿಗೆ.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದು ಸೋಲುತ್ತದೆ. ಅಲ್ಲಿ ಮುಚ್ಚಳವಿಲ್ಲ, ಬರಿಯ ಚಿಪ್. ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ, ನಡುವಿನ ಪೇಸ್ಟನ್ನು ಸ್ವಲ್ಪಸ್ವಲ್ಪವೇ ಹೊರಗೆ ತಳ್ಳುತ್ತದೆ. ಎಂಎಕ್ಸ್-4 ತೆಳು, ಸುಲಭವಾಗಿ ಜಾರುತ್ತದೆ. ಹಾಕಿದ ವಾರ ಚೆನ್ನಾಗಿದ್ದು, ತಿಂಗಳುಗಳು ಕಳೆದಂತೆ ಒಂದು ಕೋರ್ ಮಾತ್ರ ಉಳಿದವಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ತೋರಿಸತೊಡಗಿದರೆ ಇದೇ ಆಗಿದೆ. ಅದಕ್ಕೆ ಅದೇ ಕಂಪನಿಯ ದಪ್ಪನೆಯ ಎಂಎಕ್ಸ್-6, ಅದಕ್ಕಿಂತ ಹನಿವೆಲ್ ಪಿಟಿಎಂ7950 ಹಾಳೆ ಸರಿ. ಅದು ಕೋಣೆಯಲ್ಲಿ ಗಟ್ಟಿ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದು ತುಂಬುತ್ತದೆ, ಜಾರಿ ಹೋಗುವುದಿಲ್ಲ. ಬೇಸಿಗೆಯಲ್ಲಿ ಅದರ ಮೇಲಿನ ಪ್ಲಾಸ್ಟಿಕ್ ಸುಲಿಯುವಾಗ ಹಾಳೆ ಹರಿಯುತ್ತದೆ, ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಸುಲಿಯಿರಿ. ಪೇಸ್ಟಿನ ಬದಲು ಹಾಕುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಬಗ್ಗೆ ಕೇಳುವವರಿಗೆ: ಅದರ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಕರೆಂಟನ್ನೂ ಹರಿಸುತ್ತದೆ. ಬಾಕ್ಸ್ ಕೂಲರಿನ ತಳ ಎಷ್ಟೋ ಸಲ ಅಲ್ಯೂಮಿನಿಯಮ್ಮೇ. ಬೇಡ.

ನೋಕ್ಟುವಾ ಎನ್‌ಟಿ-ಎಚ್1 ಸಿಕ್ಕರೆ ಅದೂ ಇಷ್ಟೇ ಒಳ್ಳೆಯದು, ಬೆಲೆ ನೋಡಿ ಯಾವುದಾದರೂ ಒಂದು ತಗೊಳ್ಳಿ. ಎಂಎಕ್ಸ್-4ರ ನಕಲಿ ಮಾಲು ಬಹಳ. ಪ್ಯಾಕೆಟ್ಟಿನ ಮೇಲಿನ ಕೋಡನ್ನು ಕಂಪನಿಯ ಸೈಟಿನಲ್ಲಿ ಪರೀಕ್ಷಿಸಬಹುದು. ಪ್ಯಾಕೆಟ್ ಇಲ್ಲದ ಬಿಡಿ ಸಿರಿಂಜ್ ಯಾರೇ ಕೊಟ್ಟರೂ ಕೊಳ್ಳಬೇಡಿ.

ಉಳಿದ ಪೇಸ್ಟಿಗೆ ಮುಚ್ಚಳ ಬಿಗಿಯಾಗಿ ಹಾಕಿ ಕಪಾಟಿನ ತಂಪು ಮೂಲೆಯಲ್ಲಿಡಿ. ಯುಪಿಎಸ್ ತಲೆಯ ಮೇಲೆ, ಬೈಕಿನ ಡಿಕ್ಕಿಯಲ್ಲಿ ಬೇಡ. ಬೇಸಿಗೆ ಕಳೆದು ಮೊದಲ ಸಲ ಒತ್ತಿದಾಗ ಮೂತಿಯಿಂದ ತೆಳು ಎಣ್ಣೆ ಬಂದರೆ ಆ ಮೊದಲ ಹನಿಯನ್ನು ಕಾಗದದ ಮೇಲೆ ಹಿಂಡಿ ಎಸೆಯಿರಿ, ಬೂದು ಬಣ್ಣದ ಪೇಸ್ಟ್ ಬಂದ ಮೇಲೆ ಪ್ರೊಸೆಸರಿಗೆ ಹಾಕಿ.

ಡೆಸ್ಕ್‌ಟಾಪ್‌ಗೆ ಐದಕ್ಕೆ ನಾಲ್ಕೂವರೆ. ಲ್ಯಾಪ್‌ಟಾಪ್‌ಗೆ ಎರಡು.