ನವಿಲುಗರಿ ದಂಟಿನ ಬೆಂಡು: ಹರಿಯೋ ನೀರಿಗೆ ಇದೇ ಸರಿ

ಶ್ರೀರಂಗಪಟ್ಟಣದ ಆಸುಪಾಸಲ್ಲಿ ಕಾವೇರೀಲಿ ಗಾಳ ಹಾಕೋರಿಗೋಸ್ಕರ ಇದನ್ನ ಬರೀತಾ ಇದೀನಿ. ಬಲೆ, ಗಾಳ ಮಾರೋ ಒಂದು ಪುಟ್ಟ ಅಂಗಡೀಲಿ ಕೈಯಲ್ಲೇ ಮಾಡಿರೋ ನವಿಲುಗರಿ ದಂಟಿನ ಬೆಂಡು (ಗಾಳದ ದಾರಕ್ಕೆ ಕಟ್ಟಿ ತೇಲಿಬಿಡೋದು, ಮೀನು ಕಚ್ಚಿದ್ದು ಇದರಿಂದ್ಲೇ ಗೊತ್ತಾಗೋದು) ಸಿಕ್ತು, ಒಂದಕ್ಕೆ 40 ರೂಪಾಯಿ, ಗೇಣುದ್ದ ಇದೆ, ತುದಿಗೆ ಕೆಂಪು ಬಣ್ಣ, ಮೈಗೆ ವಾರ್ನಿಶ್. ಮಳೆಗಾಲ ಮುಗಿದು ಕೆಆರ್‌ಎಸ್‌ನಿಂದ ನೀರು ಬಿಡೋದು ಕಮ್ಮಿ ಆದಾಗಿಂದ ಇದನ್ನೇ ಕಟ್ತಾ ಇದೀನಿ, ಆ ಕೆಂಪು ಬಿಳಿ ಪ್ಲಾಸ್ಟಿಕ್ ಗುಂಡು ಬೆಂಡನ್ನ ಕೆರೆಗೆ ಮಾತ್ರ ಅಂತ ಎತ್ತಿಟ್ಟಿದೀನಿ.

ಪ್ಲಾಸ್ಟಿಕ್ ಗುಂಡು ಮುಳುಗ್ಬೇಕಾದ್ರೆ ಮೀನು ಜೋರಾಗಿ ಎಳೀಬೇಕು. ಗೆಂಡೆ, ಮೃಗಾಲ್ ಎಲ್ಲ ಅನುಮಾನದ ಮೀನು, ಬಾಯಿಗೆ ಇಟ್ಕೊಂಡಾಗ ಸ್ವಲ್ಪ ಬಿಗಿ ತಗುಲಿದ್ರೂ ಉಗಿದು ಹೋಗ್ತವೆ. ದಂಟು ಹಾಗಲ್ಲ, ಒಳಗೆ ಬಿಳೀ ತಿರುಳು, ತುಂಬಾ ಹಗುರ, ಅಕ್ಕಿಕಾಳಷ್ಟು ತುದಿ ಮಾತ್ರ ಮೇಲೆ ಕಾಣೋ ಹಂಗೆ ದಾರಕ್ಕೆ ತೂಕದ ಸೀಸ ಹಾಕ್ಬಹುದು. ಮೃಗಾಲ್ ತಳದಲ್ಲಿ ಮೇಯೋ ಮೀನು, ಅದಕ್ಕೆ ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಒಂದು ಸಣ್ಣ ಸೀಸ ಕಚ್ಚಿಸಿ ತಳಕ್ಕೆ ತಾಗೋ ಹಂಗೆ ಬಿಟ್ರೆ, ಮೀನು ಎರೆಹುಳು ಎತ್ತಿದಾಗ ಆ ಸೀಸಾನೂ ಎತ್ತುತ್ತೆ, ಆಗ ಬೆಂಡು ಮುಳುಗೋದೇ ಇಲ್ಲ, ನಿಧಾನಕ್ಕೆ ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತೆ. ಮುಳುಗ್ಲಿ ಅಂತ ಕಾಯ್ಬೇಡಿ, ಅಡ್ಡ ಬೀಳ್ತಿದ್ದಂಗೆ ಎಳೀರಿ. ಗುಂಡು ಬೆಂಡಲ್ಲಿ ಈ ಕಚ್ಚು ಗೊತ್ತೇ ಆಗಲ್ಲ.

ಕಟ್ಟೋ ರೀತಿ ಅಂಗಡಿಯವರೇ ಹೇಳ್ಕೊಟ್ರು: "ಸಾ, ಎರಡೂ ಕಡೆ ಕಟ್ಟಿ, ಬುಡ ಒಂದ್ನೇ ಕಟ್ಟುದ್ರೆ ನೀರು ಎಳ್ಕೊಂಡೋಗ್ಬುಡ್ತದೆ." ಮಾತು ನೂರಕ್ಕೆ ನೂರು ನಿಜ. ಸೈಕಲ್ ವಾಲ್ವ್ ಟ್ಯೂಬನ್ನ ಸಣ್ಣ ಬಳೆ ತರ ಕತ್ತರಿಸಿ ಮೇಲೊಂದು ಕೆಳಗೊಂದು ಹಾಕಿದ್ರೆ ಸಾಕು, ಆಳ ಬದಲಾಯಿಸ್ಬೇಕು ಅಂದ್ರೆ ಜಾರಿಸ್ಕೊಬಹುದು. ನದೀಲಿ ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಹರಿಯುತ್ತೆ, ಸುಮ್ನೆ ಬಿಟ್ರೆ ಬೆಂಡು ಎರೇನ ದರದರ ಎಳ್ಕೊಂಡು ಹೋಗುತ್ತೆ, ಅದಕ್ಕೆ ದಾರಾನ ಆಗಾಗ ಸ್ವಲ್ಪ ತಡೆದು ತಡೆದು ಬಿಡಿ, ಎರೆ ಮುಂದೆ ಹೋಗ್ಬೇಕು, ಬೆಂಡು ಹಿಂದೆ ಬರ್ಬೇಕು. ಗಾಳಿ ಜಾಸ್ತಿ ಇರೋ ದಿನ, ನೀರು ನಿಂತಂಗಿರೋ ಮಡುವಲ್ಲಾದ್ರೆ ಬುಡಕ್ಕೆ ಮಾತ್ರ ಕಟ್ಟಿ ದಾರ ಮುಳುಗಿಸಿದ್ರೆ ಒಳ್ಳೇದು.

ಬೇಜಾರಾಗಿದ್ದು ವಾರ್ನಿಶ್ ವಿಚಾರಕ್ಕೆ. ಬುಡದ ಕಡೆ ಬೇಗ ಸಿಪ್ಪೆ ಎದ್ದು ನೀರು ಒಳಗೆ ಹೋಗುತ್ತೆ, ಒಂದೆರಡು ಬೆಂಡು ಹಂಗೇ ಭಾರ ಆಗಿ ಕೂತ್ಬಿಟ್ವು. 40 ರೂಪಾಯಿ ತಗೊಂಡ್ಮೇಲೆ ಬುಡಾನ ಸರಿಯಾಗಿ ಮುಚ್ಚಿ ಕೊಡ್ಬೇಕಿತ್ತು. ಈಗ ನಾನೇ ಒಣಗಿಸಿ ಎರಡು ಕೋಟ್ ನೈಲ್ ಪಾಲಿಶ್ ಹಚ್ತೀನಿ. ಸಂಜೆ ಬಿಸಿಲು ನೀರ ಮೇಲೆ ಹೊಳೆಯೋವಾಗ ಕೆಂಪು ತುದಿ ಕಾಣಲ್ಲ, ಕಪ್ಪು ತುದೀದೂ ಒಂದು ಇಟ್ಕೊಳಿ. ಡ್ಯಾಮಿಂದ ಜಾಸ್ತಿ ನೀರು ಬಿಟ್ಟಾಗ ಈ ಬೆಂಡು ನಿಲ್ಲಲ್ಲ, ಅಂಥ ಟೈಮಲ್ಲಿ ನದೀಗೆ ಇಳೀಲೂಬಾರ್ದು ಬಿಡಿ.

ಗರಿ ಎಲ್ಲಿಂದ ಬಂತು ಅಂತ ಕೇಳಿ ತಗೊಳಿ. 1972ರ ವನ್ಯಜೀವಿ ಕಾಯ್ದೇಲಿ ನವಿಲಿನ ಬಾಲದ ಗರಿಗೆ ವಿನಾಯಿತಿ ಇದೆ, ಆದ್ರೆ ಗರಿಗೋಸ್ಕರ ನವಿಲು ಹಿಡಿಯೋದು, ಕೊಲ್ಲೋದು ಅಪರಾಧ. ನಮ್ಮ ಕಡೆ ಹೊಲದ ಬದೀಲಿ ಉದುರಿರೋದು ಬೇಕಾದಷ್ಟು ಸಿಗುತ್ತೆ, ಗರಿಗೋಸ್ಕರ ನವಿಲು ಹಿಡಿಯೋರ ಹತ್ರ ಒಂದು ರೂಪಾಯಿನೂ ಕೊಡ್ಬೇಡಿ. ಹಂಗೇ ಬೆಂಡು ಚೆನ್ನಾಗಿದೆ ಅಂತ ರಂಗನತಿಟ್ಟು ಕಡೆ ಹೋಗ್ಬೇಡಿ, ಅದು 1940ರಿಂದ ಪಕ್ಷಿಧಾಮ, ಮೊಸಳೆಗಳೂ ಇವೆ. ಬೇರೆ ಕಡೆ ಹಾಕೋದಾದ್ರೂ ಮೀನುಗಾರಿಕೆ ಇಲಾಖೇಲಿ ಲೈಸೆನ್ಸ್ ವಿಚಾರ ಕೇಳ್ಕೊಂಡು, ದಡದಿಂದ ಸ್ವಲ್ಪ ಹಿಂದೇನೇ ಕೂತ್ಕೊಳಿ.