ಮೂಗಿನ ಸರ್ಜರಿಗೆ ಮುಂಚೆ: ಫೋಟೋ ತಿದ್ದಿ ನೋಡೋದಾ, ತ್ರೀಡಿ ಚಿತ್ರವಾ?

ಸರ್ಜರಿ ಆದಮೇಲೆ ಮೂಗು ಹೇಗೆ ಕಾಣಬಹುದು ಅಂತ ಮೊದಲೇ ನೋಡಲು ಈ ಎರಡು ದಾರಿಗಳಿವೆ. ಆದರೆ ನೀವೇ ಸೆಲ್ಫಿ ತಿದ್ದಿಕೊಂಡು ಡಾಕ್ಟರ ಹತ್ತಿರ ಹೋಗಬೇಡಿ. 30 ಸೆಂಟಿಮೀಟರ್ ದೂರದ ಸೆಲ್ಫಿಯಲ್ಲಿ ಮೂಗು, 1.5 ಮೀಟರ್ ದೂರದ ಫೋಟೋಗಿಂತ ಸುಮಾರು 30% ಅಗಲ ಕಾಣುತ್ತದೆ. ಇಲ್ಲದ ಅಗಲಕ್ಕೆ ಕತ್ತರಿ ಯಾಕೆ, ಅಲ್ವಾ?

ಮೂಗಿನ ಮೇಲಿನ ಉಬ್ಬು ತೆಗೆಸುವುದಷ್ಟೇ ಇದ್ದರೆ, ಡಾಕ್ಟರ್ ಪಕ್ಕದಿಂದ ತೆಗೆದ ಫೋಟೋ ತಿದ್ದಿ ತೋರಿಸಿದರೆ ಸಾಕು. ಸೊಟ್ಟ ಮೂಗು, ಅಗಲ ಹೊಳ್ಳೆಗೆ ತ್ರೀಡಿಯೇ ವಾಸಿ. ಅದರಲ್ಲಿ ಪರದೆಯ ಮೇಲೆಯೇ ಮುಖವನ್ನು ತಿರುಗಿಸಿ ಎಲ್ಲ ಕಡೆಯಿಂದ ನೋಡಬಹುದು.

ಆದರೆ ಗಾಯ ಹೇಗೆ ಮಾಯುತ್ತದೆ ಅಂತ ಎರಡೂ ಹೇಳುವುದಿಲ್ಲ. ಚರ್ಮ ದಪ್ಪವಿದ್ದರೆ ಚಿತ್ರದಲ್ಲಿ ಕಂಡ ಚೂಪು ತುದಿ ಅದರಡಿ ಮುಚ್ಚಿಹೋಗಬಹುದು. ತುದಿಯ ಊತ ಪೂರ್ತಿ ಇಳಿಯಲು 1 ವರ್ಷವೇ ಬೇಕಾಗಬಹುದು. "ಡಾಕ್ಟ್ರೇ, ಇದರಲ್ಲಿ ಎಷ್ಟು ನಿಜಕ್ಕೂ ಆಗುತ್ತೆ?" ಅಂತ ಚಿತ್ರದ ಮೇಲೆ ಬೆರಳಿಟ್ಟೇ ಕೇಳಿ.