ಭಾಮೈದನನ್ನೇ ಕಳ್ಳನನ್ನಾಗಿ ಮಾಡಿ ನೋಡಿದೆ: ಕಳೆದ ಲ್ಯಾಪ್‌ಟಾಪ್ ಹುಡುಕುವ ದಾರಿಗಳ ಹೋಲಿಕೆ

ಎರಡು ವರ್ಷದ ಹಿಂದೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಹೊರಟಿದ್ದೆ. ಬೆಳಗ್ಗೆ ಜ್ಯುಬಿಲಿ ಸರ್ಕಲ್ ಹತ್ತಿರ ಇಳಿಯೋಣ ಅಂತ ಎದ್ದು ಮೇಲಿನ ರ‍್ಯಾಕಿಗೆ ಕೈ ಹಾಕಿದರೆ ಸಿಕ್ಕಿದ್ದು ಯಾರದ್ದೋ ಹೊದಿಕೆ. ನನ್ನ ಬ್ಯಾಗ್ ನನಗಿಂತ ಮೊದಲೇ ಎಲ್ಲೋ ಇಳಿದುಹೋಗಿತ್ತು, ಲ್ಯಾಪ್‌ಟಾಪ್ ಸಮೇತ.

ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿದ ಮೊದಲ ಪ್ರಶ್ನೆ, 'ಸೀರಿಯಲ್ ನಂಬರ್ ಹೇಳಿ ಸರ್.' ಅದು ಲ್ಯಾಪ್‌ಟಾಪಿನ ತಳದ ಸ್ಟಿಕ್ಕರ್ ಮೇಲಿತ್ತು. ಲ್ಯಾಪ್‌ಟಾಪ್ ಕಳ್ಳನ ಹತ್ತಿರ ಇತ್ತು. ಫೋನ್ ಆಗಿದ್ದರೆ ಅದರ ಗುರುತಿನ ಸಂಖ್ಯೆ, ಅಂದರೆ ಐಎಂಇಐ ಕೊಟ್ಟು ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದಿತ್ತು. ಸಿಮ್ ಹಾಕದ ಲ್ಯಾಪ್‌ಟಾಪಿಗೆ ಐಎಂಇಐ ಅನ್ನುವುದೇ ಇಲ್ಲ. ಆ ಮಷೀನ್ ಮತ್ತೆ ಸಿಗಲಿಲ್ಲ.

ಹೊಸದು ತಗೊಂಡ ಮೇಲೆ, ಇದನ್ನೆಲ್ಲ ಕಳೆಯುವ ಮೊದಲೇ ಪರೀಕ್ಷೆ ಮಾಡಿ ನೋಡೋಣ ಅನ್ನಿಸಿತು. ಮನೆಯಲ್ಲಿ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್, ಹೆಂಡತಿಯ ಎಂ1 ಮ್ಯಾಕ್‌ಬುಕ್ ಏರ್ ಇದ್ದವು. ಎರಡರಲ್ಲೂ ಕಂಪನಿಯವರೇ ಕೊಟ್ಟ ಹುಡುಕುವ ಸೌಲಭ್ಯ ಆನ್ ಮಾಡಿದೆ. ನನ್ನದಕ್ಕೆ ಪ್ರೇ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಬ್ಯಾಗಿಗೆ ಒಂದು ಏರ್‌ಟ್ಯಾಗ್ (ತಾನು ಎಲ್ಲಿದ್ದೇನೆ ಅಂತ ಫೋನಿಗೆ ತೋರಿಸುವ ಆಪಲ್‌ನ ಪುಟ್ಟ ಬಿಲ್ಲೆ), ಜೊತೆಗೆ ಆಂಡ್ರಾಯ್ಡ್ ಫೋನುಗಳ ಗೂಗಲ್ ಜಾಲದಲ್ಲಿ ಕೆಲಸ ಮಾಡುವ ಅಗ್ಗದ ಟ್ಯಾಗ್ ಒಂದು. ಕಳ್ಳನ ಪಾತ್ರಕ್ಕೆ ಭಾಮೈದ ಸಿಕ್ಕಿದ. ಒಂದು ಬಿರಿಯಾನಿಗೆ ಒಪ್ಪಿದ. ಷರತ್ತು ಇಷ್ಟೇ: ಬೆಳಗ್ಗೆ ಬ್ಯಾಗ್ ಎತ್ತಿಕೊಂಡು ಹೋಗಬೇಕು, ಎಲ್ಲಿಗೆ ಅಂತ ಹೇಳಬಾರದು, ಮಧ್ಯಾಹ್ನ ಒಮ್ಮೆ ಎರಡೂ ಮಷೀನಿನ ಮುಚ್ಚಳ ತೆಗೆಯಬೇಕು. ಪಾಸ್‌ವರ್ಡ್ ಅವನಿಗೆ ಗೊತ್ತಿಲ್ಲ.

ಮೊದಲು ವಿಂಡೋಸ್. ಸೆಟ್ಟಿಂಗ್ಸಿನ ಪ್ರೈವಸಿ ವಿಭಾಗದಲ್ಲಿ 'ಫೈಂಡ್ ಮೈ ಡಿವೈಸ್' ಇರುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿರಬೇಕು, ಲೊಕೇಶನ್ ಆನ್ ಇರಬೇಕು. ಲೋಕಲ್ ಅಕೌಂಟ್ ಆದರೆ ಇಲ್ಲ. ಆಫೀಸಿನ ಅಕೌಂಟಾದರೂ ಇಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅದು ತೋರಿಸಿದ್ದು ಒಂದೇ ಜಾಗ: ವಿಜಯನಗರದ ನಮ್ಮ ಮನೆ. ಮುಚ್ಚಳ ಹಾಕಿ ಮಲಗಿರುವ ಮಷೀನಿಗೆ ಇಂಟರ್ನೆಟ್ ಇಲ್ಲ, ಅದು ಯಾರಿಗೆ ಏನು ಹೇಳೀತು? ಮಧ್ಯಾಹ್ನ ಭಾಮೈದ ಮುಚ್ಚಳ ತೆಗೆದ. ಆಗಲೂ ಸುದ್ದಿ ಇಲ್ಲ. ಕೊನೆಗೆ ನಾನೇ ಫೋನ್ ಮಾಡಿ, 'ಲೋ, ಲಾಕ್ ಸ್ಕ್ರೀನಿನ ಕೆಳಗೆ ವೈಫೈ ಗುರುತು ಇದೆ ನೋಡು, ನಿನ್ನ ಹಾಟ್‌ಸ್ಪಾಟ್ ಕೊಡು' ಅಂದೆ. ಕೊಟ್ಟ ಮೇಲೆ ಕೆಂಗೇರಿ ಉಪನಗರದ ಮೇಲೆ ಒಂದು ವೃತ್ತ ಬಂತು. 'ಯಾವ ಕಳ್ಳ, ಭಾವ, ಹೀಗೆ ಹಾಟ್‌ಸ್ಪಾಟ್ ಕೊಡ್ತಾನೆ?' ಅಂತ ನಕ್ಕ. ಸರಿಯಾದ ಮಾತೇ. ಲಾಕ್ ಮಾಡುವ ಬಟನ್ ಚೆನ್ನಾಗಿ ಕೆಲಸ ಮಾಡಿತು, ನನ್ನ ಸಂದೇಶವೂ ಪರದೆಯ ಮೇಲೆ ಬಂತು. ಆದರೆ ದೂರದಿಂದ ಡೇಟಾ ಅಳಿಸುವ ಸೌಲಭ್ಯ ಇದರಲ್ಲಿ ಇಲ್ಲ.

ಮ್ಯಾಕ್ ಕಥೆಯೇ ಬೇರೆ. 2019ರಲ್ಲಿ ಬಂದ ಕ್ಯಾಟಲಿನಾ ಅನ್ನುವ ಮ್ಯಾಕ್ ಆವೃತ್ತಿಯಿಂದ ಮ್ಯಾಕ್‌ಗಳು ಇಂಟರ್ನೆಟ್ ಇಲ್ಲದಿದ್ದರೂ ಬ್ಲೂಟೂತ್‌ನಲ್ಲಿ ಸಣ್ಣಗೆ ಸದ್ದು ಮಾಡುತ್ತಿರುತ್ತವೆ, ಮುಚ್ಚಳ ಹಾಕಿ ಮಲಗಿದ್ದರೂ. ಪಕ್ಕದಲ್ಲಿ ಹಾದುಹೋಗುವ ಯಾರದ್ದೋ ಐಫೋನ್ ಅದನ್ನು ಕೇಳಿಸಿಕೊಂಡು ಜಾಗವನ್ನು ಆಪಲ್‌ಗೆ ತಲುಪಿಸುತ್ತದೆ. ಐಫೋನ್ ಇಟ್ಟುಕೊಂಡವರಿಗೆ ಅದು ಗೊತ್ತೂ ಆಗುವುದಿಲ್ಲ. ಬ್ಯಾಗಿನೊಳಗಿದ್ದ ಮ್ಯಾಕ್ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನಲ್ಲಿ ಕಾಣಿಸಿತು, ಆಮೇಲೆ ಸುಮಾರು ಅರ್ಧ ಗಂಟೆ ತಡವಾಗಿ ಕೆಂಗೇರಿಯಲ್ಲಿ. ಇನ್ನೊಂದು ಅನುಕೂಲ ಆಕ್ಟಿವೇಶನ್ ಲಾಕ್. ಟಿ2 ಅನ್ನುವ ಭದ್ರತಾ ಚಿಪ್ ಇರುವ ಅಥವಾ ಆಪಲ್‌ನದೇ ಚಿಪ್ ಇರುವ ಮ್ಯಾಕನ್ನು ಪೂರ್ತಿ ಅಳಿಸಿದರೂ, ಹೊಸದಾಗಿ ಶುರು ಮಾಡುವಾಗ ಹಳೇ ಒಡೆಯರ ಆಪಲ್ ಪಾಸ್‌ವರ್ಡ್ ಕೇಳುತ್ತದೆ. ಕದ್ದವನಿಗೆ ಅದು ಸ್ಕ್ರೀನಿಗೋ ಕೀಬೋರ್ಡಿಗೋ ಬಿಡಿಭಾಗವಾಗಿ ಮಾರುವುದಕ್ಕಷ್ಟೇ ಸೈ.

ಪ್ರೇ ಬಗ್ಗೆ ನನಗೆ ತುಂಬ ಆಸೆ ಇತ್ತು. 2009ರಲ್ಲಿ ಚಿಲಿ ದೇಶದಲ್ಲಿ ಹುಟ್ಟಿದ್ದು, ಮಷೀನಿನಲ್ಲಿ ಕೂರುವ ಅದರ ಭಾಗದ ಕೋಡ್ ಯಾರು ಬೇಕಾದರೂ ನೋಡಬಹುದು. 'ಕಳೆದಿದೆ' ಅಂತ ಗುರುತು ಹಾಕಿದರೆ ಆಗಾಗ ವರದಿ ಕಳಿಸುತ್ತದೆ: ಜಾಗ, ಸುತ್ತಲಿನ ವೈಫೈಗಳ ಹೆಸರು, ಪರದೆಯ ಚಿತ್ರ, ವೆಬ್‌ಕ್ಯಾಮ್‌ನಲ್ಲಿ ತೆಗೆದ ಫೋಟೋ. ಹತ್ತು ನಿಮಿಷಕ್ಕೊಂದು ಇಟ್ಟಿದ್ದೆ. ಮೊದಲ ಫೋಟೋ ಪೂರ್ತಿ ಕಪ್ಪು. ಯಾಕಪ್ಪಾ ಅಂದರೆ ಕ್ಯಾಮೆರಾ ಮುಂದಿನ ಪುಟ್ಟ ಪ್ಲಾಸ್ಟಿಕ್ ಬಾಗಿಲನ್ನು ನಾನೇ ಮುಚ್ಚಿದ್ದೆ! ಅದನ್ನು ಸರಿಸಿ ಅಂತ ಕಳ್ಳನಿಗೇ ಹೇಳಬೇಕಾಯಿತು. ಎರಡನೆಯದರಲ್ಲಿ ಸೀಲಿಂಗ್ ಫ್ಯಾನ್. ಮೂರನೆಯದರಲ್ಲಿ ಭಾಮೈದನ ಅರ್ಧ ಕಿವಿ, ಹಿಂದೆ ಹಗ್ಗದ ಮೇಲೆ ಒಣಗಿಸಿದ ಲುಂಗಿ. ನಕ್ಕಿದ್ದು ನಿಜ, ಆದರೆ ಆ ಕಿವಿ ಹಿಡಿದುಕೊಂಡು ಯಾರನ್ನು ಹುಡುಕುವುದು? ವೈಫೈ ಹೆಸರುಗಳ ಪಟ್ಟಿ ಮಾತ್ರ ಉಪಯೋಗಕ್ಕೆ ಬರುವಂಥದ್ದು, ಅದರಲ್ಲಿ ಭಾಮೈದ ಕೂತಿದ್ದ ಪಿಜಿಯ ಹೆಸರೇ ಇತ್ತು.

ಇಷ್ಟೆಲ್ಲ ಆಗುವುದು ಮಷೀನಿಗೆ ಇಂಟರ್ನೆಟ್ ಸಿಕ್ಕಿದರೆ. ಯಾರಾದರೂ ಪೆನ್‌ಡ್ರೈವ್ ಹಾಕಿ ಹೊಸ ವಿಂಡೋಸ್ ಹಾಕಿದರೆ ಪ್ರೇ ಹೊರಟೇಹೋಗುತ್ತದೆ. ಫೈಲ್‌ವಾಲ್ಟ್ ಅನ್ನುವ ಆಪಲ್‌ನ ಬೀಗ ಹಾಕಿದ ಮ್ಯಾಕನ್ನು ಆಫ್ ಮಾಡಿ ಆನ್ ಮಾಡಿದರೆ ಪಾಸ್‌ವರ್ಡ್ ಕೊಡುವವರೆಗೆ ಪ್ರೇಗೆ ಏಳಲೂ ಆಗುವುದಿಲ್ಲ, ಡಿಸ್ಕಿಗೇ ಬೀಗ ಇರುತ್ತದಲ್ಲ. ಐವತ್ತು ಲ್ಯಾಪ್‌ಟಾಪ್ ನೋಡಿಕೊಳ್ಳುವ ಆಫೀಸಿನವರಿಗೆ ಒಳ್ಳೆಯದು. ನನ್ನಂಥವನು ಒಂದು ಮಷೀನಿಗಾಗಿ ವರ್ಷವರ್ಷ ದುಡ್ಡು ಕಟ್ಟುವುದು ಜಾಸ್ತಿಯಾಯಿತು ಅನ್ನಿಸಿತು. ಟ್ರಯಲ್ ಮುಗಿದ ದಿನ ತೆಗೆದೆ.

ಟ್ಯಾಗ್‌ಗಳು ಇವೆಲ್ಲಕ್ಕಿಂತ ಸರಳ. ಏರ್‌ಟ್ಯಾಗ್ ಮ್ಯಾಕ್‌ನಂತೆಯೇ ಕೆಲಸ ಮಾಡುತ್ತದೆ, ಸಿಆರ್2032 ನಾಣ್ಯದ ಸೆಲ್ ಒಂದು ವರ್ಷದಷ್ಟು ಬರುತ್ತದೆ. ನಿಮ್ಮ ಹತ್ತಿರ ಐಫೋನ್ ಇರಬೇಕು ಅಷ್ಟೆ. ಭಾಮೈದ ಮೆಜೆಸ್ಟಿಕ್ ದಾಟಿ ಮೈಸೂರು ರಸ್ತೆ ಹಿಡಿದದ್ದನ್ನು ಹೆಂಡತಿಯ ಫೋನಿನಲ್ಲಿ ಹೆಚ್ಚುಕಡಿಮೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ನೋಡಿದೆವು. ಗೂಗಲ್ ಟ್ಯಾಗ್ ಅರ್ಧ ಬೆಲೆಗೆ ಬಂದಿತ್ತು, ನಮ್ಮಲ್ಲಿ ಆಂಡ್ರಾಯ್ಡ್ ಜಾಸ್ತಿ, ಹಾಗಾಗಿ ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಗೆಲ್ಲಲಿಲ್ಲ. ಕಾರಣ ಒಂದು ಸೆಟ್ಟಿಂಗ್. ಆಂಡ್ರಾಯ್ಡ್ ಫೋನುಗಳು ಮೊದಲಿನಿಂದಲೇ 'ಜನ ಹೆಚ್ಚಿರುವ ಜಾಗದಲ್ಲಿ ಮಾತ್ರ' ಅನ್ನುವ ಆಯ್ಕೆಯಲ್ಲಿರುತ್ತವೆ. ಒಂದೇ ಫೋನ್ ಟ್ಯಾಗನ್ನು ಕಂಡರೆ ಸಾಲದು, ಹಲವು ಫೋನ್ ಕಾಣಬೇಕು. ಮೆಜೆಸ್ಟಿಕ್‌ನಲ್ಲಿ ಸರಿಯಾಗಿ ತೋರಿಸಿತು. ಕೆಂಗೇರಿಯ ಪಿಜಿ ಓಣಿಯಲ್ಲಿ ಸುಮ್ನಾಯಿತು.

ಟ್ಯಾಗ್‌ಗಳಿಗೆ ಎರಡು ಕೊರತೆ. ಒಂದು, ಅವು ಬ್ಯಾಗನ್ನು ಕಾಯುತ್ತವೆ, ಲ್ಯಾಪ್‌ಟಾಪನ್ನಲ್ಲ. ಬ್ಯಾಗ್ ಚರಂಡಿಗೆ ಎಸೆದರೆ ಚರಂಡಿಯ ವಿಳಾಸ ಸಿಗುತ್ತದೆ. ಎರಡು, ಕಳ್ಳನಿಗೂ ಸುದ್ದಿ ಹೋಗುತ್ತದೆ. ಯಾರನ್ನೋ ಗುಟ್ಟಾಗಿ ಹಿಂಬಾಲಿಸಲು ಬಳಸಬಾರದು ಅಂತ, ಗುರುತಿಲ್ಲದ ಟ್ಯಾಗ್ ಜೊತೆಗೆ ಬರುತ್ತಿದ್ದರೆ ಫೋನ್ ಎಚ್ಚರಿಸುತ್ತದೆ, ಐಫೋನೂ ಆಂಡ್ರಾಯ್ಡೂ. ಸಂಜೆ ಹೊತ್ತಿಗೆ ಭಾಮೈದನ ಫೋನಿಗೂ ಆ ಸಂದೇಶ ಬಂತು. ಹೆಂಗಸರ ಸುರಕ್ಷತೆಗೆ ಅದು ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಕಲು ಸಿಗುವುದು ಮೊದಲ ಕೆಲವೇ ಗಂಟೆ ಅಂತ ತಿಳಿದುಕೊಂಡಿರಬೇಕು.

ಮುಂದಿನ ವಾರ ಅದೇ ಬ್ಯಾಗ್ ಯಲ್ಲಾಪುರದ ಹತ್ತಿರದ ನಮ್ಮೂರಿಗೆ ಹೋಯಿತು. ಅಲ್ಲಿ ಲೆಕ್ಕವೆಲ್ಲ ತಲೆಕೆಳಗು. ಅಡಿಕೆ ತೋಟದ ನಡುವಿನ ಮನೆ, ಹಾದುಹೋಗುವವರೇ ಇಲ್ಲ. ಏರ್‌ಟ್ಯಾಗ್ ಕೊನೆಗೆ ಕಂಡಿದ್ದು ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ, ಮೂರು ಗಂಟೆ ಹಿಂದೆ. ವಿಂಡೋಸ್ ಮನೆಯ ವೈಫೈಗೆ ಸೇರಿಕೊಂಡು ಖುಷಿಯಿಂದ ವರದಿ ಕೊಟ್ಟಿತು, ಹುಬ್ಬಳ್ಳಿಯಿಂದ! ಸುಮಾರು 70 ಕಿ.ಮೀ. ತಪ್ಪು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಜಿಪಿಎಸ್ ಇರುವುದಿಲ್ಲ. ಸುತ್ತಲಿನ ವೈಫೈಗಳನ್ನು ನೋಡಿ ಜಾಗ ಊಹಿಸುತ್ತದೆ. ಸುತ್ತ ಗುರುತಿನ ವೈಫೈ ಇಲ್ಲದಿದ್ದರೆ ಇಂಟರ್ನೆಟ್ ಕೊಡುವವರ ಐಪಿ ವಿಳಾಸ ಯಾವ ಊರಿನದೋ ಅದನ್ನೇ ಹೇಳುತ್ತದೆ. ಪೇಟೆಯಲ್ಲಿ ಸರಿ ಬಂದರೂ ಆ ವೃತ್ತದೊಳಗೆ ನಲವತ್ತು ಮನೆ ಇರುತ್ತವೆ, ಎಷ್ಟನೇ ಮಹಡಿ ಅಂತ ಹೇಳುವುದಿಲ್ಲ. ಅದನ್ನು ನಂಬಿ ನೀವೇ ಹೋಗಿ ಬಾಗಿಲು ಬಡಿಯಬೇಡಿ, ಪೊಲೀಸರ ಜೊತೆ ಹೋಗಿ.

ಅಂದಹಾಗೆ, ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ಆನ್‌ಲೈನಾಗಿ ಸಿಗುವ ರಸೀದಿ ಕಳೆದುಹೋದ ವಸ್ತುಗಳಿಗೆ. ಕಳವಾಗಿದೆ ಅಂತ ಗೊತ್ತಿದ್ದರೆ ಎಫ್‌ಐಆರ್ ಬೇಕು. ಯಾವ ಠಾಣೆಯ ವ್ಯಾಪ್ತಿ ಅಂತ ಗೊತ್ತಾಗದಿದ್ದರೆ, ಬಸ್ಸಿನಲ್ಲಿ ಹೀಗೇ ಆಗುವುದು, ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್ ಕೇಳಿ.

ಈ ಪರೀಕ್ಷೆಯಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಕೊನೆಯದು. ಹಳೇ ಲ್ಯಾಪ್‌ಟಾಪೊಂದು ಅಟ್ಟದ ಮೇಲಿತ್ತು. ವಿಂಡೋಸ್ ಪಾಸ್‌ವರ್ಡ್ ಇತ್ತು, ಎನ್‌ಕ್ರಿಪ್ಷನ್ (ಕೀ ಇಲ್ಲದೆ ಫೈಲ್ ಓದಲಾಗದಂತೆ ಡಿಸ್ಕಿಗೆ ಹಾಕುವ ಬೀಗ) ಇರಲಿಲ್ಲ. ತಳದ ಸ್ಕ್ರೂ ಬಿಚ್ಚಿ, ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದೆ. ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಅಪ್ಪನ ಪ್ಯಾನ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ನಮ್ಮ ಮದುವೆ ಫೋಟೋ ಸಾಲಾಗಿ ಕೂತಿದ್ದವು. ಬಸ್ಸಿನಲ್ಲಿ ಹೋದದ್ದೂ ಇಂಥದ್ದೇ ಮಷೀನ್. ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯನ್ನೂ ಹಾಗೇ ಚುಚ್ಚಿದಾಗ ವಿಂಡೋಸಿನದೇ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿ ಅಲ್ಲೇ ನಿಂತಿತು. ವಿಂಡೋಸ್ ಹೋಮ್ ಇದ್ದವರಿಗೆ, ಮಷೀನ್ ಒಪ್ಪಿದರೆ, 'ಡಿವೈಸ್ ಎನ್‌ಕ್ರಿಪ್ಷನ್' ಅನ್ನುವ ಹೆಸರಿನಲ್ಲಿ ಇದೇ ಸಿಗುತ್ತದೆ. ಬಿಡಿಗಾಸು ಖರ್ಚಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಎನ್‌ಕ್ರಿಪ್ಷನ್ ಮತ್ತು ಬ್ಯಾಕಪ್ ಮೊದಲು, ಏರ್‌ಟ್ಯಾಗ್ ಆಮೇಲೆ, ವಿಂಡೋಸ್‌ನ ಹುಡುಕಾಟ ಪುಕ್ಕಟೆ ಅಂತ ಆನ್ ಇರಲಿ. ಹೆಂಡತಿಗೆ ಮ್ಯಾಕ್ ಇರುವುದರಿಂದ ಹೆಚ್ಚು ತಲೆನೋವಿಲ್ಲ. ಏರ್‌ಟ್ಯಾಗನ್ನು ಬ್ಯಾಗಿನ ಒಳಬಟ್ಟೆ ಬಿಚ್ಚಿ ಬೆನ್ನಿನ ಸ್ಪಂಜಿನ ಹಿಂದೆ ಹೊಲಿಸಿದ್ದೇನೆ. ಬಿಲ್ ಮತ್ತು ಸೀರಿಯಲ್ ನಂಬರ್ ಸ್ಟಿಕ್ಕರಿನ ಫೋಟೋ ಮನೆಯವರ ವಾಟ್ಸಾಪ್ ಗುಂಪಿನಲ್ಲಿದೆ. ಬಿಟ್‌ಲಾಕರ್ ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಹೇಗೂ ಇರುತ್ತದೆ, ಆದರೂ ಒಂದು ಪ್ರಿಂಟ್ ತೆಗೆದು ಊರಿಗೆ ಕೊಟ್ಟು ಕಳಿಸಿದೆ. ಅಪ್ಪ ಅದನ್ನು ಕಪಾಟಿನಲ್ಲಿ ಪಹಣಿ ಪತ್ರಗಳ ಜೊತೆ ಇಟ್ಟಿದ್ದಾರೆ. ಮೇಲೆ ಪೆನ್ಸಿಲ್‌ನಲ್ಲಿ 'ಮಗನ ಕಂಪ್ಯೂಟರ್ ಬೀಗ, ಎಸೆಯಬಾರದು' ಅಂತ ಬರೆದಿದ್ದಾರಂತೆ.